ಈ ಕಣ್ಣಿನ ಕೆಲಸವೇನು?

ಪಶು ಆಸ್ಪತ್ರೆಯಲ್ಲಿ ಕಣ್ಣಿನ ರೋಗಿಗಳನ್ನು ನೋಡುವವರ ಕಿವಿಗೆ ಅತಿ ಹೆಚ್ಚು ಬೀಳುವ ಮಾತು: "ಡಾಕ್ಟರೇ, ನಾಯಿಯ ಕಣ್ಣಿಗೆ ಪೊರೆ ಬಂದಿದೆ." ಏಳೆಂಟು ವರ್ಷ ದಾಟಿದ ನಾಯಿ, ಎರಡೂ ಪಾಪೆಗಳಲ್ಲಿ ನೀಲಿ ಬೆರೆತ ಬೂದು ಮಬ್ಬು. ಮನೆಯವರು ಶಸ್ತ್ರಚಿಕಿತ್ಸೆಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿರುತ್ತಾರೆ. ಹೀಗೆ ಬಂದ ನಾಯಿಗಳಲ್ಲಿ ಎಷ್ಟೋ ನಾಯಿಗಳಿಗೆ ಪೊರೆ ಇರುವುದೇ ಇಲ್ಲ. ಕಣ್ಣಿನ ಮಸೂರಕ್ಕೆ ಜೀವಮಾನವಿಡೀ ಹೊರಗಿನಿಂದ ಹೊಸ ನಾರುಗಳು ಸೇರುತ್ತಲೇ ಇರುತ್ತವೆ. ಹಳೆಯ ನಾರುಗಳು ನಡುವಿಗೆ ಒತ್ತಿಕೊಂಡು ಗಟ್ಟಿಯಾಗುತ್ತವೆ. ಆ ಗಟ್ಟಿ ತಿರುಳು ಬೆಳಕನ್ನು ಚದುರಿಸುವುದರಿಂದ ಎದುರಿಗೆ ನಿಂತ ನಮಗೆ ಮಬ್ಬು ಕಾಣುತ್ತದೆ. ನಾಯಿಗೆ ಅದರಿಂದ ದೊಡ್ಡ ತೊಂದರೆಯೇನಿಲ್ಲ.

ಮುಪ್ಪಿನ ಮಸೂರವನ್ನೂ ಪೊರೆಯನ್ನೂ ಬೇರ್ಪಡಿಸಲು ದುಬಾರಿ ಯಂತ್ರ ಬೇಕಿಲ್ಲ. ಕೋಣೆಯ ದೀಪ ಆರಿಸಿ, ತೋಳಿನಳತೆಯ ದೂರದಲ್ಲಿ ನಿಂತು, ಸಣ್ಣ ಟಾರ್ಚನ್ನು ನನ್ನ ಕಣ್ಣಿನ ಪಕ್ಕದಲ್ಲೇ ಹಿಡಿದು ನಾಯಿಯ ಕಣ್ಣಿಗೆ ಬೆಳಕು ಬಿಡುತ್ತೇನೆ. ಒಳಗಿನಿಂದ ಹಸಿರು ಹಳದಿ ಹೊಳಪು ತಿರುಗಿ ಬರುತ್ತದೆ. ಪಾಪೆಯ ತುಂಬ ಆ ಹೊಳಪು ಅಡೆತಡೆಯಿಲ್ಲದೆ ಬಂದರೆ ಅದು ಬರೀ ವಯಸ್ಸು. ಹೊಳಪಿನ ಮೇಲೆ ಕಪ್ಪು ಚುಕ್ಕೆಯೋ ಗೆರೆಯೋ ಮೋಡವೋ ಕಂಡರೆ ಅದು ಪೊರೆ. ಹೊಳಪೇ ಬಾರದಿದ್ದರೆ ಪೊರೆ ಪೂರ್ತಿ ಬಲಿತಿರಬಹುದು. ಆಗ ರಕ್ತದ ಸಕ್ಕರೆಯನ್ನೂ ನೋಡಿಸುತ್ತೇನೆ, ಏಕೆಂದರೆ ಮಧುಮೇಹವಿರುವ ನಾಯಿಗಳಲ್ಲಿ ಪೊರೆ ಬಹಳ ಬೇಗ ಬೆಳೆಯುತ್ತದೆ.

ಈ ಪರೀಕ್ಷೆ ಇಷ್ಟು ಸುಲಭವಾಗಿರುವುದು ನಾಯಿ ಮಬ್ಬುಗತ್ತಲಲ್ಲಿ ಬೇಟೆಯಾಡಿದ ವಂಶದ್ದಾದ ಕಾರಣ. ಅದರ ಅಕ್ಷಿಪಟದ ಹಿಂದೆ ಟಪೀಟಮ್ ಎಂಬ ಕನ್ನಡಿ ಪದರವಿದೆ. ಅಕ್ಷಿಪಟದ ಕೋಶಗಳಿಗೆ ಸಿಗದೆ ದಾಟಿಹೋದ ಬೆಳಕನ್ನು ಅದು ಮತ್ತೊಮ್ಮೆ ಅವುಗಳ ಮೇಲೆಯೇ ತಿರುಗಿಸುತ್ತದೆ. ಮನುಷ್ಯನಿಗೆ ಇದಿಲ್ಲ, ಹಂದಿಗೂ ಇಲ್ಲ. ಬೆಕ್ಕು, ದನ, ಕುದುರೆ, ಕುರಿ ಎಲ್ಲಕ್ಕೂ ಇದೆ, ಆದರೆ ಕಟ್ಟಿರುವ ರೀತಿ ಒಂದೇ ಅಲ್ಲ: ನಾಯಿ ಬೆಕ್ಕುಗಳಲ್ಲಿ ಅದು ಹೊಳೆಯುವ ಹರಳು ತುಂಬಿದ ಕೋಶಗಳ ಪದರ, ದನ ಕುದುರೆಗಳಲ್ಲಿ ಒತ್ತಾಗಿ ಜೋಡಿಸಿದ ಕೊಲಾಜೆನ್ ನಾರು. ಒಂದೇ ಅಗತ್ಯಕ್ಕೆ ಬೇರೆ ಬೇರೆ ವಂಶಗಳು ಬೇರೆ ಬೇರೆ ಸಾಮಗ್ರಿ ಬಳಸಿಕೊಂಡಿವೆ. ಹಿಮಸಾರಂಗದ್ದು ಇನ್ನೂ ವಿಚಿತ್ರ. ಬೇಸಿಗೆಯಲ್ಲಿ ಬಂಗಾರದ ಬಣ್ಣದಲ್ಲಿರುವ ಟಪೀಟಮ್ ಧ್ರುವದ ಕತ್ತಲ ಚಳಿಗಾಲದಲ್ಲಿ ಕಡುನೀಲಿಗೆ ತಿರುಗುತ್ತದೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಈ ಕನ್ನಡಿಗೆ ಬೆಲೆಯೂ ಇದೆ: ಮರಳಿದ ಬೆಳಕು ಅಕ್ಕಪಕ್ಕ ಚೆಲ್ಲಿ ಚಿತ್ರದ ಅಂಚು ಮಸುಕಾಗುತ್ತದೆ.

ಹೊಸದಾಗಿ ಸೇರುವ ಕಿರಿಯ ವೈದ್ಯರಿಗೆ ನಾನು ಮೊದಲು ಹೇಳುವುದು ಇದನ್ನೇ. ನಾವು ಓದುವಾಗ ಮನುಷ್ಯನ ಕಣ್ಣಿನ ಚಿತ್ರವೇ ಮನಸ್ಸಿನಲ್ಲಿ ಅಚ್ಚೊತ್ತಿರುತ್ತದೆ, ಉಳಿದದ್ದೆಲ್ಲ ಅದರ ಹೆಚ್ಚುಕಡಿಮೆ ರೂಪ ಎಂದು ಅಂದುಕೊಂಡುಬಿಡುತ್ತೇವೆ. ಮೇಜಿನ ಮೇಲೆ ಪ್ರಾಣಿ ಬಂದಾಗ ಮೊದಲು ಕೇಳಬೇಕಾದದ್ದು, ಈ ಕಣ್ಣು ಈ ಪ್ರಾಣಿಗೆ ಏನು ಮಾಡಿಕೊಡಬೇಕಿತ್ತು ಎಂದು. ಉತ್ತರ ಗೊತ್ತಿದ್ದರೆ ಯಾವುದು ರೋಗ, ಯಾವುದು ರಚನೆ ಎಂಬುದು ಅರ್ಧ ತಿಳಿದಂತೆ.

ಹಕ್ಕಿಗಳ ವಿಷಯದಲ್ಲಿ ಇದು ಇನ್ನೂ ಚುರುಕಾಗಿ ಅನುಭವಕ್ಕೆ ಬರುತ್ತದೆ. ನಾಯಿಯ ಕಣ್ಣಿನ ಹಿಂಭಾಗ ನೋಡಬೇಕೆಂದರೆ ಪಾಪೆ ಅಗಲಿಸುವ ಹನಿ ಬಿಟ್ಟು ಸ್ವಲ್ಪ ಹೊತ್ತು ಕಾಯುತ್ತೇವೆ. ಅದೇ ಹನಿಯನ್ನು ಗಿಳಿಗೆ ಬಿಟ್ಟು ಸಂಜೆಯವರೆಗೆ ಕಾದರೂ ಪಾಪೆ ಕದಲುವುದಿಲ್ಲ. ಸಸ್ತನಿಗಳ ಪಾಪೆಯನ್ನು ಆಡಿಸುವುದು ನಮ್ಮ ಇಚ್ಛೆಗೆ ಸಿಗದ ನಯಸ್ನಾಯು. ಹಕ್ಕಿಗಳಲ್ಲಿ ಅಲ್ಲಿರುವುದು ಬಹುಮಟ್ಟಿಗೆ ಕೈಕಾಲು ಆಡಿಸುವಂಥ ಪಟ್ಟೆಸ್ನಾಯು. ಪಾಪೆ ಅಗಲಿಸುವ ಅಟ್ರೋಪಿನ್‌ನಂಥ ಹನಿ ಅದರ ಮುಂದೆ ಸುಮ್ಮನೆ ನೀರು. ಸ್ನಾಯುವನ್ನು ಸಡಿಲಿಸುವ, ಅರಿವಳಿಕೆಯಲ್ಲಿ ಬಳಸುವ ಬೇರೆ ಜಾತಿಯ ಔಷಧಿ ಬೇಕು, ಅದನ್ನು ಅಳೆದು ತೂಗಿ ಬಳಸಬೇಕು. ಗಿಳಿ ಸಾಕಿದವರಿಗೆ ಇದು ಬೇರೆ ರೀತಿಯಲ್ಲಿ ಗೊತ್ತಿರುತ್ತದೆ: ಖುಷಿಯಾದಾಗಲೋ ಸಿಟ್ಟು ಬಂದಾಗಲೋ ಅದು ಪಾಪೆಯನ್ನು ಪಟಪಟನೆ ಹಿಗ್ಗಿಸಿ ಕುಗ್ಗಿಸುತ್ತದೆ. ಆದ್ದರಿಂದ ಹೆದರಿದ ಹಕ್ಕಿಯ ಕಣ್ಣಿಗೆ ಟಾರ್ಚ್ ಬಿಟ್ಟು, ಪಾಪೆ ಹೇಗೆ ವರ್ತಿಸಿತು ಎಂಬುದರ ಮೇಲೆ ನರದ ಆರೋಗ್ಯವನ್ನು ತೀರ್ಮಾನಿಸಬಾರದು.

ಗೂಬೆ ಬಂದರೆ ನಾನು ಇನ್ನಷ್ಟು ಎಚ್ಚರದಲ್ಲಿರುತ್ತೇನೆ. ಅದರ ಕಣ್ಣು ಗುಂಡಗಿಲ್ಲ, ಕೊಳವೆಯ ಆಕಾರದ್ದು. ಸುತ್ತ ಎಲುಬಿನ ತುಣುಕುಗಳ ಉಂಗುರ ಅದನ್ನು ಬಿಗಿದು ಹಿಡಿದಿದೆ. ಅಷ್ಟು ಉದ್ದದ ಕಣ್ಣಿನಿಂದ ಅಕ್ಷಿಪಟದ ಮೇಲೆ ದೊಡ್ಡ ಚಿತ್ರ ಬೀಳುತ್ತದೆ, ದೊಡ್ಡ ಪಾಪೆಯಿಂದ ಹೆಚ್ಚು ಬೆಳಕು ಒಳಬರುತ್ತದೆ. ಆದರೆ ಅದು ತಲೆಬುರುಡೆಯಲ್ಲಿ ತಿರುಗಲಾರದು. ಅದಕ್ಕಾಗಿ ಕತ್ತಿನಲ್ಲಿ 14 ಕಶೇರುಗಳು. ತಲೆ ಒಂದೊಂದು ಬದಿಗೆ ಸುಮಾರು 270 ಡಿಗ್ರಿ ತಿರುಗುತ್ತದೆ. ವಾಹನಕ್ಕೆ ಡಿಕ್ಕಿ ಹೊಡೆದ ಗೂಬೆಯ ಕಣ್ಣು ಹೊರಗಿನಿಂದ ಫಳಫಳ ಹೊಳೆಯುತ್ತಿರಬಹುದು, ಒಳಗೆ ಹಿಂಭಾಗದಲ್ಲಿ ರಕ್ತ ತುಂಬಿರಬಹುದು. ಹಕ್ಕಿಗಳ ಅಕ್ಷಿಪಟದಲ್ಲಿ ರಕ್ತನಾಳಗಳೇ ಇಲ್ಲ. ಅದಕ್ಕೆ ಪೋಷಣೆ ಒದಗಿಸುವುದು ಪೆಕ್ಟನ್ ಎಂಬ, ಮಡಿಕೆ ಮಡಿಕೆಯಾಗಿ ನಿಂತ ಕಪ್ಪು ರಕ್ತನಾಳದ ಗೊಂಚಲು. ಪೆಟ್ಟು ಬಿದ್ದಾಗ ಆಗಾಗ ಒಡೆಯುವುದು ಅದೇ. ಹಿಂಭಾಗ ನೋಡದೆ ಗೂಬೆಯ ಚೀಟಿಯಲ್ಲಿ "ಕಣ್ಣು ಸರಿಯಿದೆ" ಎಂದು ಬರೆಯಬೇಡಿ.

ಕುದುರೆ ಮತ್ತು ಆಡು ಸಾಕುವವರು ತರುವ ದೂರು ಬೇರೆಯದು. "ಪಾಪೆಯೊಳಗೆ ಕಪ್ಪು ಗಂಟು ಬೆಳೆದಿದೆ, ಕ್ಯಾನ್ಸರ್ ಇರಬಹುದೇ?" ಹತ್ತಿರ ಹೋಗಿ ನೋಡಿದರೆ ಪಾಪೆಯ ಮೇಲಂಚಿನಲ್ಲಿ ದ್ರಾಕ್ಷಿಗೊಂಚಲಿನಂಥ ಕಂದುಗಪ್ಪು ಗುಬುಟುಗಳು. ಅದು ಹುಟ್ಟಿನಿಂದಲೇ ಇರುವ ರಚನೆ. ಬಯಲಲ್ಲಿ ತಲೆ ತಗ್ಗಿಸಿ ಮೇಯುವ ಪ್ರಾಣಿಗೆ ಮೇಲಿನಿಂದ ಬೀಳುವ ಬಿಸಿಲಿಗೆ ಅದೇ ನೆರಳು ಎಂದು ಬಲ್ಲವರ ಅಭಿಪ್ರಾಯ. ಪಾಪೆ ಅಡ್ಡವಾಗಿರುವುದೂ ಅದೇ ಬದುಕಿಗಾಗಿ. 2015ರಲ್ಲಿ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು 214 ನೆಲವಾಸಿ ಪ್ರಭೇದಗಳ ಪಾಪೆಗಳನ್ನು ಹೋಲಿಸಿ ನೋಡಿದರು. ಅಡ್ಡ ಪಾಪೆಯವು ಹೆಚ್ಚಾಗಿ ಮೇಯುವ, ಬೇಟೆಗೆ ಗುರಿಯಾಗುವ ಪ್ರಾಣಿಗಳು. ಅವುಗಳಿಗೆ ನೆಲದುದ್ದಕ್ಕೂ ಎಡದಿಂದ ಬಲಕ್ಕೆ ಅಗಲವಾದ ನೋಟ ಸಿಗುತ್ತದೆ. ಉದ್ದ ಸೀಳಿನ ಪಾಪೆಯವು ನೆಲಕ್ಕೆ ಹತ್ತಿರವಿದ್ದು ಹೊಂಚು ಹಾಕಿ ಹಾರುವವು. ಬೆಕ್ಕು ಸರಿ, ಹುಲಿ ಸಿಂಹಗಳ ಪಾಪೆ ಮಾತ್ರ ಗುಂಡಗಿದೆ, ಏಕೆಂದರೆ ಅವುಗಳ ತಲೆ ನೆಲದಿಂದ ಸಾಕಷ್ಟು ಎತ್ತರದಲ್ಲಿದೆ. ಬೆಕ್ಕಿನ ಸೀಳು ಪಾಪೆಯ ವಿಸ್ತೀರ್ಣ ಕುಗ್ಗಿದ್ದಕ್ಕಿಂತ 135 ಪಟ್ಟು ಹಿಗ್ಗಬಲ್ಲದು. ನಮ್ಮ ಗುಂಡು ಪಾಪೆಗೆ ಸಾಧ್ಯವಿರುವುದು ಸುಮಾರು 15 ಪಟ್ಟು.

ಆಡು ಮೇಯಲು ತಲೆ ಬಗ್ಗಿಸಿದರೆ ಅಡ್ಡ ಪಾಪೆ ನೆಟ್ಟಗಾಗಿಬಿಡಬೇಕಲ್ಲವೇ? ಆಗುವುದಿಲ್ಲ. ತಲೆ ಬಗ್ಗಿದಂತೆ ಕಣ್ಣುಗುಡ್ಡೆ ಗೂಡಿನಲ್ಲೇ ಹಿಂದಕ್ಕೆ ಉರುಳಿ ಪಾಪೆಯನ್ನು ನೆಲಕ್ಕೆ ಸಮಾನಾಂತರವಾಗಿ ಉಳಿಸುತ್ತದೆ. ಈ ಉರುಳು 50 ಡಿಗ್ರಿ ದಾಟುವುದುಂಟು. ನಂಬಿಕೆ ಬಾರದಿದ್ದರೆ ಹುಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಕಿರಿಯರಿಗೆ ನಾನು ಇದನ್ನು ಹೇಳುವುದಿಲ್ಲ, ತೋರಿಸುತ್ತೇನೆ.

ಕುದುರೆಯ ಮುಂದೆ ಇನ್ನೊಂದು ಜಾಣ್ಮೆ ಬೇಕು. ಅದಕ್ಕೆ ಸುತ್ತಲಿನ ಬಹುಭಾಗ ಕಾಣುತ್ತದೆ. ಕಾಣದಿರುವುದು ಬಾಲದ ಹಿಂದಿನ ಪಟ್ಟಿ ಮತ್ತು ಹಣೆಯ ಮುಂದಿನ ಸ್ವಲ್ಪ ಜಾಗ. ಹಣೆಗೆ ನೇರವಾಗಿ ಕೈ ಚಾಚುವವರ ಕೈ ಅದಕ್ಕೆ ಇದ್ದಕ್ಕಿದ್ದಂತೆ ಪ್ರತ್ಯಕ್ಷವಾದಂತೆ. ಭುಜದ ಕಡೆಯಿಂದ, ಮಾತಾಡುತ್ತ ಹೋಗಬೇಕು.

ಹಾವುಗಳದ್ದು ಚಿಕ್ಕ ವಿಷಯ. ಹಾವಿಗೆ ಮುಚ್ಚಿ ತೆರೆಯುವ ರೆಪ್ಪೆ ಇಲ್ಲ. ಭ್ರೂಣದಲ್ಲೇ ರೆಪ್ಪೆಗಳು ಕೂಡಿಕೊಂಡು ಪಾರದರ್ಶಕ ಕವಚವಾಗಿರುತ್ತವೆ. ಚರ್ಮ ಕಳಚುವ ಕೆಲ ದಿನ ಮೊದಲು ಕಣ್ಣು ಹಾಲುನೀಲಿಯಾಗುತ್ತದೆ, ಆಮೇಲೆ ತಾನಾಗಿ ತಿಳಿಯಾಗುತ್ತದೆ. ಕಳಚಿದ ಚರ್ಮದಲ್ಲಿ ಕಣ್ಣಿನ ಎರಡು ಬಿಲ್ಲೆಗಳೂ ಇವೆಯೇ ಎಂದು ನೋಡುವುದಷ್ಟೇ ನಮ್ಮ ಕೆಲಸ. ಉಳಿದುಕೊಂಡಿದ್ದರೆ ಚಿಮಟ ಹಾಕಿ ಕೀಳಲು ಹೋಗಬೇಡಿ. ತೇವ ಹೆಚ್ಚಿಸಿ ಕಾಯಿರಿ.

ವಿಕಾಸದ ಮಾತು ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: ಇಷ್ಟು ಜಟಿಲವಾದ ಅಂಗ ಸ್ವಲ್ಪ ಸ್ವಲ್ಪವೇ ಹೇಗೆ ಆದೀತು, ಅರ್ಧ ಕಣ್ಣಿನಿಂದ ಏನು ಪ್ರಯೋಜನ? ಅರ್ಧ ಕಣ್ಣುಗಳು ಇಂದಿಗೂ ಬದುಕಿವೆ. ಚಪ್ಪಟೆ ಹುಳುವಿಗೆ ಬೆಳಕು ಯಾವ ದಿಕ್ಕಿನಿಂದ ಬಂತೆಂದು ತಿಳಿಸುವ ಸಣ್ಣ ಬಟ್ಟಲಷ್ಟೇ ಇದೆ. ನಾಟಿಲಸ್ ಎಂಬ ಚಿಪ್ಪಿನ ಕಡಲಜೀವಿಗೆ ಮಸೂರವಿಲ್ಲದ, ಸಮುದ್ರದ ನೀರು ಒಳಹೊರಗೆ ಆಡುವ ಸೂಜಿರಂಧ್ರದ ಕಣ್ಣು. ಎರಡೂ ತಮ್ಮ ತಮ್ಮ ಬದುಕಿಗೆ ಸಾಕು. 1994ರಲ್ಲಿ ಡಾನ್-ಎರಿಕ್ ನಿಲ್ಸನ್ ಮತ್ತು ಸುಸಾನ್ ಪೆಲ್ಗರ್ ಬೆಳಕು ಗ್ರಹಿಸುವ ಕೋಶಗಳ ಚಪ್ಪಟೆ ತೇಪೆಯಿಂದ ಮೀನಿನ ಕಣ್ಣಿನವರೆಗಿನ ದಾರಿಯನ್ನು ಲೆಕ್ಕ ಹಾಕಿದರು. ಶೇಕಡಾ 1ರ ಬದಲಾವಣೆಯ 1,829 ಹೆಜ್ಜೆಗಳು ಸಾಕು. ಬಿಗಿಯಾದ ಊಹೆಗಳನ್ನಿಟ್ಟರೂ 3,64,000 ತಲೆಮಾರುಗಳಿಗಿಂತ ಹೆಚ್ಚು ಬೇಕಿಲ್ಲ. ವರ್ಷಕ್ಕೊಂದು ತಲೆಮಾರಿನಂತೆ ನಾಲ್ಕು ಲಕ್ಷ ವರ್ಷವೂ ಆಗಲಿಲ್ಲ. ಭೂಮಿಯ ಇತಿಹಾಸದಲ್ಲಿ ಅದು ಏನೇನೂ ಅಲ್ಲ.

ನಾವೇ ಶಿಖರ ಎಂಬ ಭ್ರಮೆಗೆ ಆಕ್ಟೋಪಸ್ ಒಳ್ಳೆಯ ಮದ್ದು. ಬೆನ್ನೆಲುಬಿನ ಪ್ರಾಣಿಗಳಲ್ಲಿ ನರತಂತುಗಳು ಅಕ್ಷಿಪಟದ ಮುಂದೆ ಹರಿದು, ಒಂದು ಕಡೆ ಅದನ್ನು ತೂತುಮಾಡಿಕೊಂಡು ಹಿಂದಕ್ಕೆ ಹೋಗುತ್ತವೆ. ಆ ಜಾಗಕ್ಕೆ ಏನೂ ಕಾಣುವುದಿಲ್ಲ. ನಾನು ದಿನವೂ ಉಪಕರಣದಲ್ಲಿ ನೋಡುವ ಆ ಬಿಳಿಚಿದ ವೃತ್ತವೇ ಕುರುಡು ಚುಕ್ಕೆ. ಆಕ್ಟೋಪಸ್‌ನ ತಂತುಗಳು ಮೊದಲಿನಿಂದಲೂ ಹಿಂದೆಯೇ ಇವೆ, ಕುರುಡು ಚುಕ್ಕೆ ಇಲ್ಲ. ಅದರ ಕಣ್ಣು ನಮ್ಮದರಂತೆಯೇ ಕಂಡರೂ ಬೇರೆ ದಾರಿಯಲ್ಲಿ ಬೆಳೆದದ್ದು. ಹಾಗೆಂದು ಎಲ್ಲವೂ ಬೇರೆಯಲ್ಲ. 1995ರಲ್ಲಿ ವಾಲ್ಟರ್ ಗೆಹ್ರಿಂಗ್ ಅವರ ಪ್ರಯೋಗಾಲಯದಲ್ಲಿ ಕಣ್ಣಿನ ಬೆಳವಣಿಗೆ ಶುರು ಮಾಡಿಸುವ ಪ್ಯಾಕ್ಸ್-6 ಎಂಬ ಇಲಿಯ ಜೀನನ್ನು ಹಣ್ಣುನೊಣದ ಬೇರೆ ಅಂಗಗಳಲ್ಲಿ ಚಾಲೂ ಮಾಡಿದಾಗ ಅಲ್ಲೆಲ್ಲ ಕಣ್ಣು ಮೂಡಿತು, ಅದೂ ನೊಣದ ಕಣ್ಣೇ. ಕಟ್ಟಡಗಳು ಬೇರೆ, ಕೆಲಸ ಶುರು ಮಾಡಿಸುವ ಆದೇಶ ಹಳೆಯದು, ಎಲ್ಲರದ್ದು.

ಬಣ್ಣದ ವಿಷಯದಲ್ಲಿ ನಮ್ಮ ವಂಶ ಕಳೆದುಕೊಂಡದ್ದೇ ಹೆಚ್ಚು. ಹಕ್ಕಿಗಳಿಗೂ ಅನೇಕ ಮೀನು ಸರೀಸೃಪಗಳಿಗೂ ಬಣ್ಣ ಗುರುತಿಸುವ ಕೋಶಗಳು ನಾಲ್ಕು ಬಗೆ. ಡೈನೋಸಾರ್‌ಗಳ ಕಾಲದಲ್ಲಿ ರಾತ್ರಿಜೀವಿಗಳಾಗಿ ಅಡಗಿ ಬದುಕಿದ ಸಸ್ತನಿಗಳು ಎರಡನ್ನು ಬಿಟ್ಟುಕೊಟ್ಟವು. ನಾಯಿಗೆ ಉಳಿದಿರುವುದು ಆ ಎರಡೇ. ವಾನರ ಮತ್ತು ಮನುಷ್ಯರಿಗೆ ಒಂದು ಜೀನು ಇಮ್ಮಡಿಯಾಗಿ ಮೂರನೆಯದು ಮರಳಿ ಬಂತು. ಹಸಿರು ಹುಲ್ಲಿನಲ್ಲಿ ಕೆಂಪು ಚೆಂಡು ಎಸೆದು "ಇವನಿಗೆ ಕಣ್ಣು ಮಂದವಾಗಿದೆ" ಎನ್ನುವವರಿಗೆ ನೀಲಿ ಚೆಂಡು ತರಲು ಹೇಳುತ್ತೇನೆ. ಇನ್ನು ಹನ್ನೆರಡು ಬಗೆಯ ಬಣ್ಣಕೋಶಗಳಿರುವ ಮ್ಯಾಂಟಿಸ್ ಸೀಗಡಿಗೆ ನಾವು ಊಹಿಸಲಾಗದ ಬಣ್ಣಗಳು ಕಾಣುತ್ತವೆ ಎಂದು ಹಂಚಿಕೊಳ್ಳುವವರು ಬಹಳ. 2014ರಲ್ಲಿ ಪರೀಕ್ಷಿಸಿದಾಗ ಹತ್ತಿರದ ಬಣ್ಣಗಳನ್ನು ಬೇರ್ಪಡಿಸುವುದರಲ್ಲಿ ಅದು ನಮಗಿಂತ ಹಿಂದೆಯೇ ಉಳಿಯಿತು. ಬಹುಶಃ ಹೋಲಿಸಿ ನೋಡುವ ಗೋಜಿಲ್ಲದೆ ಥಟ್ಟನೆ ಗುರುತಿಸುವುದೇ ಅದಕ್ಕೆ ಬೇಕಾದದ್ದು.

ಕಣ್ಣಿನ ವಿಕಾಸ ಔಷಧಿ ಚೀಟಿಗೂ ಊಟದ ಬಟ್ಟಲಿಗೂ ಬರುತ್ತದೆ. ಬೆಕ್ಕು ಮಾಂಸವನ್ನೇ ನೆಚ್ಚಿದ ಪ್ರಾಣಿಯಾದ್ದರಿಂದ ಟಾರಿನ್ ಎಂಬ ವಸ್ತುವನ್ನು ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲಾರದು; ಅದಿಲ್ಲದ ಆಹಾರದಲ್ಲಿ ಅಕ್ಷಿಪಟ ನಶಿಸುತ್ತದೆ ಎಂದು 1975ರಲ್ಲೇ ವರದಿಯಾಯಿತು. ನಾಯಿಯ ಆಹಾರವನ್ನೇ ವರ್ಷಗಟ್ಟಲೆ ಬೆಕ್ಕಿಗೂ ಹಾಕುವ ಮನೆಗಳು ಇಂದಿಗೂ ಇವೆ. ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಕೂಡ ಹಾಗೆಯೇ. ಅಕ್ಷಿಪಟದಿಂದ ಇಂಥ ಔಷಧಿಯನ್ನು ಹೊರದಬ್ಬುವ ಪ್ರೋಟೀನು ಬೆಕ್ಕಿನಲ್ಲಿ ದುರ್ಬಲ. ನಾಯಿಗೆ ಕೊಡುವ ದೊಡ್ಡ ಪ್ರಮಾಣ ಬೆಕ್ಕಿನ ಕಣ್ಣು ಕಳೆಯಬಲ್ಲದು. ಕಿಲೋಗ್ರಾಂ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ ಮೀರಬಾರದು.

ನನಗೆ ನಿಜವಾಗಿ ಸಿಟ್ಟು ತರಿಸುವುದು ಪಗ್‌ನಂಥ ಚಪ್ಪಟೆ ಮುಖದ ನಾಯಿಗಳನ್ನು ಸೃಷ್ಟಿಸಿದ ನಮ್ಮ ಚಟ. ಕಣ್ಣುಗೂಡು ಆಳವಿಲ್ಲ, ಗುಡ್ಡೆ ಮುಂದಕ್ಕೆ ಚಾಚಿದೆ, ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಕೂಡುವುದಿಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ನಡುವೆ ಒಣಗಿ ಹುಣ್ಣಾಗುತ್ತದೆ. ನಿಸರ್ಗ ಲಕ್ಷಾಂತರ ತಲೆಮಾರು ಸೋಸಿ ತೆಗೆದದ್ದನ್ನು ನಾವು ಮುದ್ದು ಎಂದು ಕೆಲವೇ ತಲೆಮಾರುಗಳಲ್ಲಿ ಮರಳಿ ತಂದೆವು. ಇಂಥ ನಾಯಿ ಒಂದು ಕಣ್ಣು ಕಿರಿದು ಮಾಡಿತೆಂದರೆ ನಾಳೆಗೆ ಬಿಡಬೇಡಿ, ಅಂದೇ ಕರೆತನ್ನಿ. ಸ್ಟೀರಾಯ್ಡ್ ಇರುವ ಹಳೆಯ ಹನಿ ಮನೆಯಲ್ಲಿದ್ದರೆ ಅದನ್ನಂತೂ ಮುಟ್ಟಲೇಬೇಡಿ. ಹುಣ್ಣಿದ್ದರೆ ಕಾರ್ನಿಯಾ ಕರಗಿ ತೂತಾದೀತು.

ಒಂದು ಕಣ್ಣು ತೆಗೆಯಬೇಕಾಗಿ ಬಂದಾಗಲೂ ತೀರ್ಮಾನ ಎಲ್ಲಕ್ಕೂ ಒಂದೇ ಆಗದು. ಸಾಕುನಾಯಿಗೆ ಮೂಗಿದೆ, ಕಿವಿಯಿದೆ, ಅನ್ನ ಹಾಕುವವರಿದ್ದಾರೆ. ಗಾಯ ಒಣಗುವ ಹೊತ್ತಿಗೆ ಅದು ಮೊದಲಿನಂತೆಯೇ ಓಡಾಡುತ್ತಿರುತ್ತದೆ. ಎರಡೂ ಕಣ್ಣು ಹೋದ ನಾಯಿಗಳು ಮನೆಯ ಕುರ್ಚಿ ಮೇಜು ಸರಿಸುವವರೆಗೆ ಯಾರಿಗೂ ಗೊತ್ತಾಗದಂತೆ ಬದುಕುವುದುಂಟು. ಹಗಲಿನಲ್ಲಿ ಹಾರುತ್ತ ಎರಗಿ ಹಿಡಿಯುವ ಗಿಡುಗಕ್ಕೆ ಅದೇ ನಷ್ಟ ಬೇರೆ ಲೆಕ್ಕ. ಅದನ್ನು ದೊಡ್ಡ ಪಂಜರದಲ್ಲಿ ಹಾರಿಸಿ, ಆಹಾರ ಹಿಡಿಯುವುದನ್ನು ಮತ್ತೆ ಮತ್ತೆ ನೋಡಿದ ಮೇಲೆಯೇ ಬಿಡುವ ಕಾಗದಕ್ಕೆ ಸಹಿ ಹಾಕುತ್ತೇನೆ, ಎಷ್ಟೋ ಸಲ ಹಾಕುವುದಿಲ್ಲ.