ನಿಪ್ಪಟ್ಟಿನ ಪ್ಯಾಕೆಟ್ ತಿರುಗಿಸಿ ಓದಿ

ಎಲ್ಲ ದೇಶದವರ ಊಟವೂ ಒಂದೇ ಥರ ಆಗುತ್ತಿದೆ ಎಂದರೆ ನಮಗೆ ತಕ್ಷಣ ನೆನಪಾಗುವುದು ಪಿಜ್ಜಾ, ಬರ್ಗರ್. 1995ರಲ್ಲಿ ಬೆಂಗಳೂರಿಗೆ ಕೆಎಫ್‌ಸಿ ಬಂದಾಗಲೂ ಹಾಗೇ ಆಯಿತು. ಮುಂದಿನ ವರ್ಷ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘದವರು ಅಂಗಡಿಗೇ ನುಗ್ಗಿದರು. ಈಗ ಕೆಎಫ್‌ಸಿಯೂ ಇದೆ, ಮುದ್ದೆ ಊಟದ ಹೋಟೆಲೂ ಇದೆ. ಹಾಗಾದರೆ ಏನೂ ಬದಲಾಗಿಲ್ಲ ಅಲ್ವಾ?

ಬಾಣಲೆಯೊಳಗೆ ಇಣುಕಿ ನೋಡಿ, ಆಮೇಲೆ ಹೇಳಿ.

ಮೊನ್ನೆ ಸುಮ್ನೆ ಕುತೂಹಲಕ್ಕೆ ನಿಪ್ಪಟ್ಟಿನ ಪ್ಯಾಕೆಟ್ ತಿರುಗಿಸಿ ಓದಿದೆ. ಅಕ್ಕಿ ಹಿಟ್ಟು, ಮೈದಾ, ಪಾಮೊಲೀನ್ (ಪಾಮ್ ಎಣ್ಣೆಯದೇ ತಿಳಿ ರೂಪ). ಪಕ್ಕದಲ್ಲಿದ್ದ ರಾಗಿ ಬಿಸ್ಕತ್ತಿನಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಆಯಿಲ್, ರಾಗಿ ಎಲ್ಲೋ ಬಾಲದಲ್ಲಿ. ಮುಂದೆ ಮಾತ್ರ ಇಷ್ಟು ದೊಡ್ಡ ರಾಗಿ ತೆನೆ! ಜಪಾನಿನ ಇನ್‌ಸ್ಟಂಟ್ ನೂಡಲ್ಸ್, ಯುರೋಪಿನ ಚಾಕೊಲೇಟ್ ಸ್ಪ್ರೆಡ್, ನಮ್ಮ ನಿಪ್ಪಟ್ಟು, ಎಲ್ಲದಕ್ಕೂ ಇದೇ ಎಣ್ಣೆ. ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾದಿಂದ ಬರುತ್ತದೆ. ಅಗ್ಗ, ಬೇಗ ಕಮಟುವುದಿಲ್ಲ, ಕಂಪನಿಗಳಿಗೆ ಇನ್ನೇನು ಬೇಕು? ಚಳ್ಳಕೆರೆಯ ಗಾಣಿಗರು ಕಡಲೆಕಾಯಿ ಎಣ್ಣೆ ಹಿಡಿದುಕೊಂಡು ಈ ಬೆಲೆಗೆ ಪೈಪೋಟಿ ಕೊಡುವುದು ಹೇಗೆ?

2014ರಲ್ಲಿ ಬೆಳೆ ವೈವಿಧ್ಯದ ವಿಜ್ಞಾನಿ ಕಾಲಿನ್ ಖೌರಿ ಮತ್ತು ಜೊತೆಗಾರರು 150ಕ್ಕೂ ಹೆಚ್ಚು ದೇಶಗಳ ಆಹಾರದ ಲೆಕ್ಕ ನೋಡಿದರು, 1961ರಿಂದ 2009ರವರೆಗಿನದು. ದೇಶದೇಶಗಳ ನಡುವಿನ ಹೋಲಿಕೆ ಶೇಕಡಾ 36ರಷ್ಟು ಜಾಸ್ತಿಯಾಗಿತ್ತು. ತಮಾಷೆ ಎಂದರೆ, ಒಂದೊಂದು ದೇಶದ ತಟ್ಟೆಯಲ್ಲಿ ಬಗೆಗಳು ಹೆಚ್ಚೇ ಆಗಿದ್ದವು. ಆದರೆ ಎಲ್ಲರ ತಟ್ಟೆಗೂ ಹೊಸದಾಗಿ ಬಂದದ್ದು ಅವೇ ಗೋಧಿ, ಸೋಯಾ, ಪಾಮ್ ಎಣ್ಣೆ. ಹಿಂದೆ ಸರಿದದ್ದು ಜೋಳ, ಕಿರುಧಾನ್ಯ, ಗೆಣಸು.

ನಮ್ಮಲ್ಲಿ ಸಾಮೆ, ನವಣೆ ಹಿಂದೆ ಸರಿದದ್ದಕ್ಕೆ ರೇಷನ್ ಅಕ್ಕಿಯನ್ನು ಬೈಯುವವರಿದ್ದಾರೆ. ನನಗೆ ಬೈಯಲು ಮನಸ್ಸು ಬರುವುದಿಲ್ಲ. ಅದು ಹೊಟ್ಟೆ ತುಂಬಿಸಿದೆ. ಅದೂ ಅಲ್ಲದೆ, ಸಾಮೆಯ ಹೊಟ್ಟು ಬಿಡಿಸುವುದು ಎಂಥ ಕೆಲಸ ಎಂದು ಒರಳಲ್ಲಿ ಕುಟ್ಟಿದ ಹೆಂಗಸರನ್ನು ಕೇಳಿ, ಅಕ್ಕಿ ಬಂದಾಗ ಅವರ ರಟ್ಟೆಗೆ ಎಷ್ಟು ನಿರಾಳವಾಗಿತ್ತು ಎಂದು ಅವರೇ ಹೇಳುತ್ತಾರೆ. ಹಳೇ ಊಟವನ್ನು ಹೊಗಳುವ ನಮ್ಮಂಥವರು ಯಾವತ್ತೂ ಒನಕೆ ಹಿಡಿದವರಲ್ಲ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದಿತು. ಮೇಳಗಳಾದವು, ಸಿರಿಧಾನ್ಯದ ಪಿಜ್ಜಾನೂ ಬಂತು. ನನ್ನ ಪ್ರಕಾರ ಅದಕ್ಕಿಂತ ಮೊದಲು ಬೇಕಿದ್ದದ್ದು ಊರೂರಿಗೆ ಹೊಟ್ಟು ಬಿಡಿಸುವ ಸಣ್ಣ ಯಂತ್ರ. ಅದು ಹತ್ತಿರದಲ್ಲಿದ್ದರೆ ಬೆಳೆದವರೇ ತಿನ್ನುತ್ತಾರೆ. ಇಲ್ಲದಿದ್ದರೆ ಸಾಮೆ ದೂರದ ಮಿಲ್ಲಿಗೆ ಹೋಗಿ, ಪ್ಯಾಕೆಟ್ ಆಗಿ, ಬೆಂಗಳೂರಿನ ಮಾಲ್‌ನಲ್ಲಿ ಸೋನಾ ಮಸೂರಿಗಿಂತ ಜಾಸ್ತಿ ರೇಟಿಗೆ ಕೂರುತ್ತದೆ, ಬೆಳೆದವರು ರೇಷನ್ ಅಂಗಡಿಯ ಮುಂದೆ ಕ್ಯೂ ನಿಲ್ಲುತ್ತಾರೆ.