ಅಲಸಂಡೆ ಚಪ್ಪರದ ಕಪ್ಪು ಹೇನು

ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ಮಜಲು ಗದ್ದೆಯಲ್ಲಿ (ತೀರಾ ಎತ್ತರವೂ ತಗ್ಗೂ ಅಲ್ಲದ ನಡುಮಟ್ಟದ ಗದ್ದೆ) ಉಳಿದ ತೇವಕ್ಕೆ ಉದ್ದನ್ನೋ ಅಲಸಂಡೆಯನ್ನೋ ಬಿತ್ತುವುದು ಉಡುಪಿಯ ಸುತ್ತಲಿನ ನಮ್ಮ ರೂಢಿ. ಕಳೆದ ಜನವರಿಯಲ್ಲಿ ನಮ್ಮ ಹತ್ತು ಸೆಂಟ್ಸಿನ ಅಲಸಂಡೆ ಚಪ್ಪರಕ್ಕೆ ಹಬ್ಬಿ, ಎರಡು ದಿನಕ್ಕೊಮ್ಮೆ ಕೊಯ್ಯುವಷ್ಟು ಕಾಯಿ ಬಿಡತೊಡಗಿತ್ತು. ಮೂರು ದಿನ ಮೋಡ ಕವಿದಿದ್ದು ಸರಿದ ಬೆಳಿಗ್ಗೆ ಕೊಯ್ಯಲು ಹೋದಾಗ ಬೆರಳಿಗೆ ಜೇನಿನಂಥ ಅಂಟು ತಗಲಿತು. ಎಳೆಯ ಕಾಯಿಯ ತೊಟ್ಟಿನಿಂದ ತುದಿಯವರೆಗೂ ಕರಿ ಎಳ್ಳನ್ನು ಒತ್ತಿ ಅಂಟಿಸಿದಂತೆ ಹೇನು, ಗಿಡದ ರಸ ಹೀರುವ ಸಸ್ಯಹೇನು, ಕೂತಿತ್ತು. ಬೆಳೆದವು ಮಿರುಗುವ ಕಪ್ಪು, ಮರಿಗಳು ಬೂದಿ ಬಳಿದಂತೆ ಮಂಕು. ಅವು ಸ್ರವಿಸುವ ಸಿಹಿಗಾಗಿ ಇರುವೆಗಳು ಕುಡಿಯುದ್ದಕ್ಕೂ ಓಡಾಡುತ್ತಿದ್ದವು.

ಪೇಟೆಯ ಅಂಗಡಿಯೊಂದರಿಂದ ನಾನು ಅಂತರ್ವ್ಯಾಪಿ, ಅಂದರೆ ಗಿಡದ ಒಳಗೆಲ್ಲ ಹರಡುವ, ಕೀಟನಾಶಕದ ಬಾಟಲಿ ತಂದೆ. ಸಿಂಪಡಿಸಿದ ಮೇಲೆ ಎಷ್ಟು ದಿನ ಕಾಯಿ ಕೊಯ್ಯಬಾರದೆಂದು ಅಲ್ಲಿ ಯಾರೂ ಹೇಳಲಿಲ್ಲ. "ನಾಡಿದ್ದು ಕೊಯ್ಯುವ ಕಾಯಿಗೆ ವಿಷ ಹೊಡೆದು ಯಾರ ಮನೆಗೆ ಮಾರುತ್ತಿ?" ಎಂದು ಅಮ್ಮ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಣಕಾಳಿನ ಬೆಳೆಗೆ ಒಗ್ಗುವ ಮದ್ದು ಹಸಿಗಾಯಿಗೆ ಒಗ್ಗುವುದಿಲ್ಲ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಅಂದು ಭೂತಗನ್ನಡಿ ಹಿಡಿದು ಎಲೆಯ ಅಡಿಭಾಗವನ್ನು ಒಂದೊಂದಾಗಿ ನೋಡುತ್ತಾ ಹೋದೆ. ಬೂದು ಮೈಗೆ ಕಿತ್ತಳೆ ಮಚ್ಚೆಯಿದ್ದ, ಪುಟ್ಟ ಮೊಸಳೆಯಂಥ ಒಂದು ಹುಳು ನನ್ನ ಕಣ್ಣೆದುರೇ ಹೇನೊಂದನ್ನು ಕಚ್ಚಿ ಹಿಡಿದು ಹೀರಿ ಚರ್ಮವನ್ನು ಬಿಟ್ಟಿತು. ಅದು ಗುಲಗಂಜಿ ಹುಳುವಿನ (ಲೇಡಿಬರ್ಡ್) ಮರಿ. ಅದನ್ನೇ ಬೆಳೆ ಹಾಳುಮಾಡುವ ಕೀಟವೆಂದು ನಾನು ಎಷ್ಟೋ ಸಲ ಹೊಸಕಿ ಹಾಕಿದ್ದೆ. ಮೂಲೆಯ ಬಳ್ಳಿಯಲ್ಲಿ ಕೆಲವು ಹೇನುಗಳು ಗೋಧಿ ಬಣ್ಣಕ್ಕೆ ತಿರುಗಿ, ಉಬ್ಬಿ, ಎಲೆಗೆ ಗಟ್ಟಿಯಾಗಿ ಅಂಟಿದ್ದವು. ಅವುಗಳ ಬೆನ್ನಿನಲ್ಲಿ ಸೂಜಿಯಿಂದ ಕೊರೆದಂಥ ದುಂಡು ರಂಧ್ರವಿತ್ತು. ಹೇನಿನ ಮೈಯೊಳಗೆ ಮೊಟ್ಟೆಯಿಟ್ಟ ಸಣ್ಣ ಕಣಜದ ಮರಿ ಒಳಗಿನದನ್ನೆಲ್ಲ ತಿಂದು ಬೆಳೆದು ಹೊರಬಂದ ದಾರಿ ಅದು. ಬಾಟಲಿಯ ಮುಚ್ಚಳ ತೆರೆದಿದ್ದರೆ ಇವೆಲ್ಲವೂ ಹೇನಿನ ಜೊತೆಗೇ ಸಾಯುತ್ತಿದ್ದವು. ಗಂಡಿನ ಹಂಗಿಲ್ಲದೆ ಮರಿಗಳನ್ನೇ ಹಡೆಯುವ ಹೇನು ಬೇಗನೆ ಮತ್ತೆ ತುಂಬಿಕೊಳ್ಳುತ್ತದೆ. ಅದನ್ನು ತಿನ್ನುವ ಹುಳುಗಳು ಅಷ್ಟು ಬೇಗ ಮರಳುವುದಿಲ್ಲ.

ಹೇನು ಕಿಕ್ಕಿರಿದ ಕುಡಿಗಳನ್ನು ಚಿವುಟಿ ಸಾಬೂನು ನೀರಿನ ಬಾಲ್ದಿಗೆ ಹಾಕಿದೆ; ಉಳಿದವುಗಳ ಅಡಿಭಾಗಕ್ಕೆ ಪೈಪಿನಿಂದ ಜೋರಾಗಿ ನೀರು ಹಾಯಿಸಿದೆ. ಇಬ್ಬನಿ ಆರುವ ಮುನ್ನ ಅಮ್ಮ ಬಚ್ಚಲೊಲೆಯ ಬೂದಿಯನ್ನು ಜರಡಿ ಹಿಡಿದು ಎರಚಿದರು. ಗುಲಗಂಜಿ ಹುಳುಗಳಿಲ್ಲದ ಸಾಲುಗಳಿಗೆ ಮಾತ್ರ, ಹೂವಿನಲ್ಲಿ ಜೇನ್ನೊಣಗಳಿಲ್ಲದ ಸಂಜೆ ಹೊತ್ತಿನಲ್ಲಿ, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಸಾಬೂನಿನಲ್ಲಿ ಕದಡಿ ಸಿಂಪಡಿಸಿದೆ. ಯೂರಿಯಾವನ್ನು ಪೂರ್ತಿ ನಿಲ್ಲಿಸಿದೆ. ಬೇರಿನ ಗಂಟುಗಳಲ್ಲಿ ತಾನೇ ಸಾರಜನಕ ಕೂಡಿಡುವ ಬೆಳೆಗೆ ಎರಡು ಸಲ ಯೂರಿಯಾ ಕೊಟ್ಟು, ಕುಡಿಗಳನ್ನು ಹೇನಿಗೆ ಬೇಕಾದಷ್ಟು ಮೆತ್ತಗೆ ಮಾಡಿದವನು ನಾನೇ.

ಹತ್ತು ದಿನಗಳಲ್ಲಿ ಹೊಸ ಕುಡಿಗಳು ಸ್ವಚ್ಛವಾಗಿ ಬಂದವು. ಎರಡು ಬಳ್ಳಿಗಳ ಎಲೆಗಳು ಮಾತ್ರ ಹಳದಿ ಹಸಿರು ಮಚ್ಚೆಗಳಾಗಿ ಮುರುಟಿದ್ದವು. ಹೇನು ಹೊತ್ತು ತರುವ ಮೊಸಾಯಿಕ್ ಎಂಬ ನಂಜು (ವೈರಸ್) ರೋಗವಿರಬೇಕು; ಅದು ಬೀಜದ ಮೂಲಕವೂ ದಾಟುವುದರಿಂದ ಅವೆರಡನ್ನೂ ಬುಡಸಮೇತ ಕಿತ್ತು ಸುಟ್ಟೆ. ಈ ಸಲದ ಬಿತ್ತನೆಗೆಂದು ಅಮ್ಮ ಬೂದಿಯಲ್ಲಿ ಹೊರಳಿಸಿ ಡಬ್ಬಿಗೆ ತುಂಬಿಟ್ಟದ್ದು ಮೂಲೆಯ ಬಳ್ಳಿಯ ಬೀಜವನ್ನು.