ಸಂಡೂರಿನ ಕೆಂಧೂಳು, ಗಂಗಾವತಿಯ ಗ್ಯಾರೇಜು: ಹಳೆ ಜೀಪಿನಲ್ಲಿ ಜಲದುರ್ಗಕ್ಕೆ ಹೊರಡುವವರಿಗೆ

ಬಳ್ಳಾರಿ ಬಿಟ್ಟರೆ ತೋರಣಗಲ್ಲು, ಸಂಡೂರು, ಹೊಸಪೇಟೆ, ಗಂಗಾವತಿ, ಸಿಂಧನೂರು, ಮಸ್ಕಿ, ಲಿಂಗಸೂಗೂರು, ಕೊನೆಗೆ ಕೃಷ್ಣಾ ನದಿಯ ಕೋಟೆ ಜಲದುರ್ಗ. ಈ ದಾರಿಗೆ ಫೋರ್ ವೀಲ್ ಡ್ರೈವ್ ಬೇಕೇ ಬೇಕು ಅಂತೇನಿಲ್ಲ, ಬಹುಪಾಲು ಡಾಂಬರೇ. ಆದರೆ ಮನೆಯಲ್ಲಿ ಹಳೆ ಜೀಪು ನಿಂತಿದ್ದರೆ ಅದನ್ನು ಬಿಟ್ಟು ಕಾರು ಹತ್ತೋಕೆ ಮನಸ್ಸು ಬರೋದಿಲ್ಲ. ಅಂಥವರಿಗಾಗಿ ಬರೆಯುತ್ತಿದ್ದೇನೆ. ಕೋಟೆ, ಗುಡಿಗಿಂತ ಜೀಪಿನ ಕೆಳಗಿನ ಮಾತೇ ಇಲ್ಲಿ ಹೆಚ್ಚು.

ಸಂಡೂರಿಗೆ ಮಳೆ ನಿಂತ ಮೇಲೆ, ಅಕ್ಟೋಬರ್ ಹೊತ್ತಿಗೆ ಹೋಗಿ. ಕುಮಾರಸ್ವಾಮಿ ಗುಡಿಯ ಸುತ್ತಲಿನ ಬೆಟ್ಟ ಆಗ ಹಸಿರಾಗಿರುತ್ತದೆ, ಧೂಳು ಕೂತಿರುತ್ತದೆ. ನಾವು ಹೋಗಿದ್ದು ಬಿರುಬೇಸಿಗೆಯಲ್ಲಿ. ಅದಿರಿನ ಲಾರಿಗಳ ಹಿಂದೆ ಸಿಕ್ಕರೆ ಮುಂದಿನದು ಕಾಣುವುದಿಲ್ಲ. ಕಿಟಕಿ ಏರಿಸಿದರೆ ನಮ್ಮ ಮೂಗು ಉಳಿಯುತ್ತದೆ, ಆದರೆ ಹಿಟ್ಟಿನಷ್ಟು ನುಣ್ಣಗಿನ ಆ ಪುಡಿ ಗಾಡಿಯ ಕೆಳಭಾಗದಲ್ಲಿ ಎಲ್ಲೆಲ್ಲಿ ಸಂದಿಯಿದೆಯೋ ಅಲ್ಲೆಲ್ಲ ಹೋಗಿ ಕೂರುತ್ತದೆ. ಗಣಿ ಗುತ್ತಿಗೆಯ ದಾರಿಗಳಿಗೆ, ಕಾಡಿನ ಜಾಡುಗಳಿಗೆ ಅನುಮತಿ ಇಲ್ಲದೆ ಜೀಪು ಇಳಿಸಬೇಡಿ.

ಹೊಸಪೇಟೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕೆಳಗೆ ಬಗ್ಗಿ ನೋಡಿದೆವು. ಹಿಂದಿನ ಆ್ಯಕ್ಸಲಿನ ಹಲ್ಲುಚಕ್ರ, ಎಣ್ಣೆ ಇರುವ ಗೂಡು, ಅಂದರೆ ಹೌಸಿಂಗ್, ಅದರ ಮೂತಿಯ ಹತ್ತಿರ ಕೆಂಪು ಮಣ್ಣು ಎಣ್ಣೆ ಕುಡಿದು ಕಪ್ಪಗೆ ಅಂಟಿಕೊಂಡಿತ್ತು. ಅದರ ನೇರಕ್ಕೆ, ಮೇಲಿನ ತಗಡಿನಲ್ಲಿ ಎಣ್ಣೆಯ ಒಂದು ಗೆರೆ. ಈ ಗೆರೆಯೇ ಗುರುತು. ಗೇರ್ ಬಾಕ್ಸಿನ ಕಡೆಯಿಂದ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಕೂರುವ ಫ್ಲ್ಯಾಂಜ್ ತಿರುಗುತ್ತ ಎಣ್ಣೆ ಎರಚಿದರೆ ಮಾತ್ರ ಹಾಗೆ ಬೀಳುತ್ತದೆ. ಅಂದರೆ ಸೋರುತ್ತಿರುವುದು ಅಲ್ಲಿ ಎಣ್ಣೆ ತಡೆಯುವ ಬಳೆ, ಪಿನಿಯನ್ ಸೀಲ್. ಇಂಜಿನ್ ಆಯಿಲ್ಲೋ ಗೇರ್ ಆಯಿಲ್ಲೋ ಅಂತ ಅನುಮಾನವಿದ್ದರೆ ಬೆರಳಿಗೆ ಹಚ್ಚಿ ಮೂಸಿ. ಗೇರ್ ಆಯಿಲ್ಲಿನ ಗಂಧಕದ ಗಬ್ಬು ನಾತ ಒಮ್ಮೆ ಮೂಸಿದವರಿಗೆ ಮರೆಯುವುದಿಲ್ಲ. ಚಕ್ರದ ಒಳಬದಿಯಲ್ಲಿ ಎಣ್ಣೆ ಕಂಡರೆ ಮಾತ್ರ ವಿಷಯ ಬೇರೆ. ಆ್ಯಕ್ಸಲ್ ಸೀಲ್ ಹೋಗಿ ಬ್ರೇಕ್ ಲೈನರಿಗೆ ಎಣ್ಣೆ ಇಳಿದಿರಬಹುದು, ಆ ಗಾಡಿ ಅಲ್ಲಿಂದ ಅಲ್ಲಾಡಬಾರದು.

ಪಿನಿಯನ್ ಸೀಲ್ ಹನಿಯುತ್ತಿದ್ದರೆ ಎಣ್ಣೆಯ ಮಟ್ಟ ನೋಡಿ ಮುಂದಿನ ಊರು ಸೇರಬಹುದು. ಹೌಸಿಂಗಿಗೆ ಎಣ್ಣೆ ತುಂಬುವ ಫಿಲ್ಲರ್ ಬೋಲ್ಟ್ ಬಿಚ್ಚಿ ಕಿರುಬೆರಳು ಹಾಕಿ. ತೂತಿನ ಕೆಳ ಅಂಚಿಗೆ ಎಣ್ಣೆ ತಾಗುತ್ತಿರಬೇಕು. ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆ, ಸಾಮಾನ್ಯವಾಗಿ ಜಿಎಲ್-5 ದರ್ಜೆಯ 80ಡಬ್ಲ್ಯೂ-90, ಒಂದು ಲೀಟರ್ ಗಾಡಿಯಲ್ಲಿ ಸದಾ ಇರಲಿ. ಅದನ್ನೇ ಗೇರ್ ಬಾಕ್ಸಿಗೂ ಸುರಿಯಬೇಡಿ, ಹಲವು ಗೇರ್ ಬಾಕ್ಸುಗಳು ಜಿಎಲ್-4 ಕೇಳುತ್ತವೆ.

ರಿಪೇರಿಗೆ ಗಂಗಾವತಿ ಬಹಳ ಒಳ್ಳೆಯ ಜಾಗ. ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತದ ಸೀಮೆ ಇದು. ಟ್ರ್ಯಾಕ್ಟರ್, ಕಟಾವು ಯಂತ್ರ ಇರುವಲ್ಲಿ ಆಯಿಲ್ ಸೀಲಿಗೆ ಬರವಿಲ್ಲ. ನಿಮ್ಮ ಜೀಪಿನ ಹೆಸರು ಹೇಳಿ ಸೀಲ್ ಕೇಳಿದರೆ ಅಂಗಡಿಯವರು ಇಲ್ಲ ಅನ್ನಬಹುದು. ಹಳೆ ಸೀಲನ್ನೇ ಒಯ್ಯಿರಿ. ಒಳವ್ಯಾಸ, ಹೊರವ್ಯಾಸ, ದಪ್ಪ, ಮೂರೂ ಮಿಲಿಮೀಟರಿನಲ್ಲಿ ಸಾಮಾನ್ಯವಾಗಿ ಅದರ ಮೇಲೇ ಅಚ್ಚಾಗಿರುತ್ತವೆ. ಅಳತೆಗೆ ಕೂಡುವ ಸೀಲ್ ಡಬ್ಬಿಯಿಂದ ಹೊರಬರುತ್ತದೆ.

ನಮಗೆ ಸಿಕ್ಕ ಮಿಸ್ತ್ರಿ ಪಾನಾ ಹಿಡಿದು ಮೊದಲು ಕೈಹಾಕಿದ್ದು ಸೀಲಿಗಲ್ಲ, ಹೌಸಿಂಗಿನ ನೆತ್ತಿಯ ಮೇಲಿನ ಬೆರಳ ತುದಿಯಷ್ಟು ದೊಡ್ಡ, ಒಳಗಿನ ಗಾಳಿ ಹೊರಬಿಡುವ ಬ್ರೀದರಿಗೆ. ಗಾಡಿ ಇನ್ನೂ ಬಿಸಿಯಿತ್ತು. ಒಂದೆರಡು ಸುತ್ತು ಸಡಿಲಿಸುತ್ತಲೇ ಸುಸ್ಸ್ ಅಂತ ಗಾಳಿ ಹೊರಬಂತು. ಕೈಯಲ್ಲಿ ಹಿಡಿದು ತೋರಿಸಿದರು: ತೂತು ಇಟ್ಟಿಗೆಯಂಥ ಕೆಂಪು ಮಣ್ಣಿನಿಂದ ಗಟ್ಟಿಯಾಗಿ ಮುಚ್ಚಿಹೋಗಿತ್ತು.

"ಸೀಲ್ ಹಾಕಿ ಕೊಡ್ತೀನ್ರೀ ಸರ, ಆದ್ರ ಇದು ಉಸಿರು ಬಿಡಲಿಲ್ಲಂದ್ರ ಹೊಸಾ ಸೀಲೂ ಸೋರತೈತಿ."

ಬಿಸಿಗೆ ಹೌಸಿಂಗಿನ ಒಳಗಿನ ಗಾಳಿ ಹಿಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಆ ಒತ್ತಡ ಎಣ್ಣೆಯನ್ನು ಸೀಲಿನ ತುಟಿ ದಾಟಿಸಿ ಹೊರಗೆ ನೂಕುತ್ತದೆ. ಸೀಲ್ ಮೇಲೆ ಸೀಲ್ ಬದಲಿಸಿಯೂ ಸೋರಿಕೆ ನಿಲ್ಲದವರು ಇದನ್ನು ನೋಡಲಿ. ಮಿಸ್ತ್ರಿ ಬ್ರೀದರನ್ನು ಡೀಸೆಲ್ಲಿನಲ್ಲಿ ತೊಳೆದು, ಅದಕ್ಕೊಂದು ರಬ್ಬರ್ ಪೈಪ್ ಸಿಗಿಸಿ ತುದಿಯನ್ನು ಬಾಡಿಯ ಎತ್ತರಕ್ಕೆ ಕಟ್ಟಿದರು. ಇಡೀ ಪ್ರವಾಸದಲ್ಲಿ ಇಷ್ಟು ಅಗ್ಗದ, ಇಷ್ಟು ಉಪಯೋಗದ ಕೆಲಸ ಬೇರೆ ಆಗಲಿಲ್ಲ.

ಸೀಲ್ ಬದಲಿಸುವಾಗ ಪಕ್ಕದಲ್ಲೇ ನಿಲ್ಲಿ. ಫ್ಲ್ಯಾಂಜಿನ ನಡುವಿನ ನಟ್ ಬಿಚ್ಚುವ ಮುಂಚೆ ನಟ್ಟಿಗೂ ಶಾಫ್ಟಿಗೂ ಸೇರಿಸಿ ಗುರುತು ಹಾಕಿಸಿ, ಹೊರಗೆ ಕಾಣುವ ಎಳೆ ಎಣಿಸಿಕೊಳ್ಳಿ. ಎಷ್ಟೋ ಗಾಡಿಗಳಲ್ಲಿ ಆ ನಟ್ ಪಿನಿಯನ್ ಬೇರಿಂಗಿನ ಬಿಗಿಯನ್ನೂ ಹಿಡಿದಿರುತ್ತದೆ. ಜೋರಾಗಿ ಬಿಗಿದರೆ ಬೇರಿಂಗ್ ಬಿಸಿಯಾಗಿ ಕೆಡುತ್ತದೆ, ಸಡಿಲ ಬಿಟ್ಟರೆ ಪಿನಿಯನ್ ತಿರುಗಿಸುವ ದೊಡ್ಡ ಹಲ್ಲುಚಕ್ರ, ಕ್ರೌನ್, ಗೊರಗುಡುತ್ತದೆ. ಫ್ಲ್ಯಾಂಜಿನಲ್ಲಿ ಸೀಲ್ ತಾಗುವ ಜಾಗಕ್ಕೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಬಿದ್ದರೆ ಅಲ್ಲಿ ಸವೆದ ಗೀರಿದೆ, ಸೀಲನ್ನು ಸ್ವಲ್ಪ ಒಳಗೋ ಹೊರಗೋ ಕೂರಿಸಿ ಹೊಸ ಜಾಗಕ್ಕೆ ತಾಗಿಸಬೇಕು. ಎಣ್ಣೆ ಇಳಿಸುವುದಿದ್ದರೆ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚುತ್ತದೋ ನೋಡಿಕೊಳ್ಳಿ, ಆಮೇಲೆ ಕೆಳಗಿನದು. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಮೆತ್ತನೆ ಕೆಸರು ಹತ್ತಿದ್ದರೆ ಚಿಂತೆಯಿಲ್ಲ, ಚೂರುಗಳಿದ್ದರೆ ಪ್ರವಾಸ ಅಲ್ಲಿಗೇ ನಿಲ್ಲಿಸಿ.

ಗಾಡಿ ಗ್ಯಾರೇಜಿನಲ್ಲಿರುವಾಗ ಹಿರೇಬೆಣಕಲ್‌ಗೆ ಹೋಗಿಬನ್ನಿ. ಗುಡ್ಡದ ಮೇಲಿನ ಬೃಹತ್ ಶಿಲಾಯುಗದ ಕಲ್ಗೋರಿಗಳಿಗೆ ಹೇಗೂ ನಡೆದೇ ಹತ್ತಬೇಕು, ಜೀಪು ಅಲ್ಲಿ ಲೆಕ್ಕಕ್ಕಿಲ್ಲ. ದಾರಿ ತೋರಿಸಲು ಊರಿನವರೊಬ್ಬರನ್ನು ಕರೆದುಕೊಳ್ಳಿ. ಬಡಿದರೆ ನಗಾರಿಯಂತೆ ಮೊಳಗುವ ಬಂಡೆಯನ್ನು ಅವರೇ ತೋರಿಸುತ್ತಾರೆ.

ಸಿಂಧನೂರಿನಾಚೆ ಎರೆಮಣ್ಣು. ಮಳೆ ಬಿದ್ದ ದಿನ ಹೊಲದ ದಾರಿಗೆ ಇಳಿದರೆ ನಾಲ್ಕು ಚಕ್ರವೂ ತಿರುಗುತ್ತವೆ, ಜೀಪು ಮಾತ್ರ ನಿಂತಲ್ಲೇ ಇರುತ್ತದೆ. ಡಾಂಬರಿಗೆ ಬಂದ ಕೂಡಲೇ ಟೂ ವೀಲಿಗೆ ಬದಲಿಸಿ. ಹಳೆ ಜೀಪುಗಳಲ್ಲಿ ಫೋರ್ ವೀಲ್ ಹಾಕಿಕೊಂಡೇ ಗಟ್ಟಿ ರಸ್ತೆಯಲ್ಲಿ ಓಡಿಸಿದರೆ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ, ಅಶೋಕನ ಹೆಸರೇ ಇರುವ ಶಾಸನಕ್ಕೆ ಅರ್ಧ ಗಂಟೆ ಸಾಕು.

ಜಲದುರ್ಗಕ್ಕೆ ತಿರುಗುವ ಮುಂಚೆ ಲಿಂಗಸೂಗೂರಿನಲ್ಲಿ ಡೀಸೆಲ್ ಹಾಕಿಸಿ, ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ನೀರು ಬಿಟ್ಟಿದ್ದಾರೋ ಅಂತ ವಿಚಾರಿಸಿ. ಹೆಚ್ಚು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಜೀಪು ಇದೆಯಲ್ಲ ಅಂತ ಆ ನೀರಿಗೆ ಇಳಿಯಬೇಡಿ. ಕೊಚ್ಚಿಹೋಗುವ ಭಯ ಒಂದು ಕಡೆಯಾದರೆ, ಕಾದ ಹೌಸಿಂಗ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಸೇತುವೆ ಮುಳುಗಿದ್ದರೆ ಮುದಗಲ್ ಕೋಟೆಯ ಕಡೆ ತಿರುಗಿಸಿ, ಅದಕ್ಕೂ ಒಂದು ಇಡೀ ಮಧ್ಯಾಹ್ನ ಬೇಕು.